ಮೇಲ್ಮನವಿಗೆ ಮುನ್ನ: ಕೋರ್ಟ್ ಶುಲ್ಕ, ನಕಲು ಶುಲ್ಕ, ದಾಖಲೆ ಸಿದ್ಧತೆ – ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಕೋರ್ಟು ಮೆಟ್ಟಿಲು ಹತ್ತುವ ಜಗಳಗಳು ಹೆಚ್ಚಾಗಿ ಎರಡೇ ಬಗೆಯವು. ಒಂದು, ತೋಟ–ಗದ್ದೆಯ ಪಾಲು. ಇನ್ನೊಂದು, ಬೇಲಿ, ದಾರಿ, ನೀರಿನ ತಕರಾರು. ಸಾಲ ಮತ್ತು ಚೆಕ್ಕಿನ ಪ್ರಕರಣಗಳು ಇತ್ತೀಚೆಗೆ ಸೇರಿಕೊಂಡಿವೆ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸಿವಿಲ್ ನ್ಯಾಯಾಲಯ ಇರುವುದರಿಂದ ದಾವೆ ನಡೆಯುವಷ್ಟು ಕಾಲ ಮನೆಯವರಿಗೆ ದೊಡ್ಡ ತೊಂದರೆ ಕಾಣುವುದಿಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಗಾಬರಿ ಶುರುವಾಗುವುದು ತೀರ್ಪು ನಮ್ಮ ವಿರುದ್ಧ ಬಂದ ದಿನ. ಆ ಸಂಜೆ ಮನೆಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, 'ಅಪೀಲು ಹಾಕಲು ಎಷ್ಟು ಖರ್ಚಾಗುತ್ತದೆ?' ಎಂಬುದು. ಕೇಳಬೇಕಾದ ಮೊದಲ ಪ್ರಶ್ನೆ, 'ನಕಲಿಗೆ ಅರ್ಜಿ ಹಾಕಿದ್ದೇವೆಯೇ?' ಎಂಬುದಾಗಿದೆ.

ಖರ್ಚಿನ ಲೆಕ್ಕ ಗೊತ್ತಿಲ್ಲದೆ ಹೆದರಿ ಸುಮ್ಮನಾಗುವವರಿದ್ದಾರೆ. ದಿನದ ಲೆಕ್ಕ ಗೊತ್ತಿಲ್ಲದೆ ನಿಧಾನ ಮಾಡಿ ಹಕ್ಕನ್ನೇ ಕಳೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೆ ನೋಡೋಣ.

ಕೋರ್ಟ್ ಶುಲ್ಕ: ಹೆದರಿಕೆಯಷ್ಟು ದೊಡ್ಡದಲ್ಲ, ಎಲ್ಲ ಕಡೆ ಚಿಕ್ಕದೂ ಅಲ್ಲ

ನಮ್ಮ ರಾಜ್ಯದಲ್ಲಿ ಕೋರ್ಟ್ ಶುಲ್ಕವನ್ನು ನಿರ್ಧರಿಸುವುದು ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಅಧಿನಿಯಮ, 1958. ಇದರ 49ನೇ ಕಲಮಿನ ಪ್ರಕಾರ ಮೇಲ್ಮನವಿಗೆ ಬೇರೆ ದರವಿಲ್ಲ. ಮೇಲ್ಮನವಿಯಲ್ಲಿ ಯಾವ ವಿಷಯದ ಬಗ್ಗೆ ತಕರಾರು ಎತ್ತುತ್ತೇವೋ ಅದಕ್ಕೆ ಕೆಳ ನ್ಯಾಯಾಲಯದಲ್ಲಿ ಎಷ್ಟು ಶುಲ್ಕ ಆಗುತ್ತಿತ್ತೋ ಅಷ್ಟೇ ಶುಲ್ಕ ಇಲ್ಲಿಯೂ ಆಗುತ್ತದೆ. ದಾವೆ ಹಾಕಿದಾಗ ಎಷ್ಟು ಕಟ್ಟಿದ್ದರು ಎಂದು ಹಳೆಯ ದಾವಾಪತ್ರದ ಕೊನೆಯ ಪುಟದಲ್ಲಿ ನೋಡಿದರೆ ಅಂದಾಜು ಅಲ್ಲೇ ಸಿಗುತ್ತದೆ.

ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956 ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿ ಮತ್ತು ವಿನೀತಾ ಶರ್ಮಾ ಪ್ರಕರಣದ 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂಬುದೂ ನಮ್ಮ ಮನೆಗಳಿಗೆ ಅನ್ವಯ. ಹೀಗಾಗಿ ಪಾಲಿನ ದಾವೆಗಳು ನಮ್ಮಲ್ಲಿ ಹೆಚ್ಚುತ್ತಿರುವುದು ಆಶ್ಚರ್ಯವಲ್ಲ. ಪಾಲು ಕೇಳುವವರು ಆಸ್ತಿಯ ಜಂಟಿ ಸ್ವಾಧೀನದಲ್ಲಿ ಇದ್ದಾರೆ ಎಂದಾದರೆ 35ನೇ ಕಲಮಿನ ಎರಡನೇ ಉಪಕಲಮಿನಂತೆ ಶುಲ್ಕ ನಿಗದಿಯಾಗಿರುತ್ತದೆ. ಪಾಲಿನ ಮೌಲ್ಯ 10,000 ರೂಪಾಯಿ ದಾಟಿದರೆ 200 ರೂಪಾಯಿ. ತೋಟದ ಇಂದಿನ ಬೆಲೆ 20 ಲಕ್ಷವಿರಲಿ, 2 ಕೋಟಿ ಇರಲಿ, ಶುಲ್ಕ ಅದೇ 200. ಮೇಲ್ಮನವಿಗೂ ಅಷ್ಟೇ. 'ಕೋಟಿ ಬೆಲೆಯ ತೋಟ, ಅಪೀಲಿಗೆ ಲಕ್ಷಗಟ್ಟಲೆ ಸ್ಟ್ಯಾಂಪು ಹಚ್ಚಬೇಕಂತೆ' ಎಂಬ ಮಾತು ಊರಿನಲ್ಲಿ ಓಡಾಡುತ್ತಿರುತ್ತದೆ. ಅದನ್ನು ನಂಬಿ ತವರಿನ ಪಾಲು ಬಿಟ್ಟುಕೊಡಬೇಕಾಗಿಲ್ಲ.

ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದಾದರೆ ಮಾತ್ರ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ ಬರುತ್ತದೆ. ಅಲ್ಲಿಯೂ ಕಂದಾಯ ಕಟ್ಟುವ ಕೃಷಿ ಜಮೀನಿಗೆ ಕಾನೂನು ಬೇರೆ ಅಳತೆ ಇಟ್ಟಿದೆ. 7ನೇ ಕಲಮಿನಂತೆ ಸಾಮಾನ್ಯವಾಗಿ ವಾರ್ಷಿಕ ಕಂದಾಯದ 25 ಪಟ್ಟನ್ನೇ ಮೌಲ್ಯ ಎಂದು ಹಿಡಿಯುತ್ತಾರೆ. ವರ್ಷಕ್ಕೆ 40 ರೂಪಾಯಿ ಕಂದಾಯವಿರುವ ಜಮೀನಿನ ಮೌಲ್ಯ ಶುಲ್ಕದ ಲೆಕ್ಕಕ್ಕೆ 1,000 ರೂಪಾಯಿ! ಮನೆ, ಅಂಗಡಿ, ಭೂಪರಿವರ್ತನೆಯಾದ ನಿವೇಶನಕ್ಕೆ ಈ ಅನುಕೂಲವಿಲ್ಲ. ಪೇಟೆಯ ಕಟ್ಟಡವೂ ಪಾಲಿನ ಪಟ್ಟಿಯಲ್ಲಿದ್ದರೆ ಲೆಕ್ಕ ಬದಲಾಗುತ್ತದೆ.

ಬೇಲಿ, ದಾರಿ ತಕರಾರಿನ ಬರೀ ನಿರ್ಬಂಧಕಾಜ್ಞೆಯ ದಾವೆಯಲ್ಲಿ ಪರಿಹಾರದ ಮೌಲ್ಯವನ್ನು ಕನಿಷ್ಠ 1,000 ರೂಪಾಯಿ ಎಂದು ತೋರಿಸಿ 25 ರೂಪಾಯಿ ಶುಲ್ಕ ಕಟ್ಟುವುದು ನಮ್ಮ ಕಡೆಯ ರೂಢಿ. ಅಪೀಲಿಗೂ 25 ರೂಪಾಯಿಯೇ.

ನಿಜವಾದ ಹೊರೆ ಬೀಳುವುದು ಹಣದ ದಾವೆಗಳಲ್ಲಿ. ಅಲ್ಲಿ ಮೊತ್ತ ಏರಿದಂತೆ ಶುಲ್ಕವೂ ಏರುತ್ತದೆ. 1958ರ ಅಧಿನಿಯಮದ ಮೊದಲ ಅನುಸೂಚಿಯ ದರದಂತೆ 15,000 ರೂಪಾಯಿವರೆಗೆ ಶೇ. 2.5, ಅಲ್ಲಿಂದ 75,000ದವರೆಗೆ ಶೇ. 7.5, ಮುಂದೆ 2.5 ಲಕ್ಷದವರೆಗೆ ಶೇ. 7, ಅದರ ಮೇಲೆ 5 ಲಕ್ಷದವರೆಗೆ ಶೇ. 6.5. ಹೀಗೆ ಹಂತಹಂತವಾಗಿ ದರ ಇಳಿಯುತ್ತ ಹೋಗುತ್ತದೆ, ಮೊತ್ತ ಬೆಳೆಯುತ್ತ ಹೋಗುತ್ತದೆ. 3 ಲಕ್ಷ ರೂಪಾಯಿಯ ಡಿಕ್ರಿಯನ್ನು ಪೂರ್ತಿಯಾಗಿ ಪ್ರಶ್ನಿಸಿದರೆ ಶುಲ್ಕ 20,375 ರೂಪಾಯಿ. ಅದರಲ್ಲಿ 2 ಲಕ್ಷ ಕೊಡಬೇಕಾದದ್ದು ಹೌದು, ಉಳಿದ 1 ಲಕ್ಷ ಮಾತ್ರ ತಪ್ಪು ಎಂದು ಅಪೀಲು ಹಾಕಿದರೆ 6,625 ರೂಪಾಯಿ. ಎಷ್ಟರ ಮಟ್ಟಿಗೆ ತಕರಾರು ಎಂಬುದನ್ನು ವಕೀಲರ ಮುಂದೆ ಕುಳಿತು ಮೊದಲೇ ತೀರ್ಮಾನಿಸಿದರೆ ಉಳಿತಾಯ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಈ ಏರುವ ಶುಲ್ಕಕ್ಕೆ ಮೇಲ್ಮಿತಿಯೇ ಇಲ್ಲದಿರುವುದು ಸರಿಯೇ ಎಂಬ ಪ್ರಶ್ನೆಯನ್ನು ಕರ್ನಾಟಕದ ಕಕ್ಷಿದಾರರೇ ಸುಪ್ರೀಂ ಕೋರ್ಟಿನವರೆಗೆ ಒಯ್ದಿದ್ದರು. ಪಿ. ಎಂ. ಅಶ್ವತ್ಥನಾರಾಯಣ ಸೆಟ್ಟಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಆ ಪ್ರಕರಣದಲ್ಲಿ, 1980ರ ದಶಕದ ಕೊನೆಯಲ್ಲಿ, ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ನ್ಯಾಯ ಕೇಳಲು ಬಂದವನ ಮೇಲೆ ಮೊತ್ತಕ್ಕೆ ತಕ್ಕಂತೆ ಶುಲ್ಕ ಹೇರುವುದು ನನ್ನ ಮನಸ್ಸಿಗೆ ಇಂದಿಗೂ ಒಪ್ಪಿಗೆಯಾಗುವ ವಿಷಯವಲ್ಲ. ಆದರೆ ಕಾನೂನು ಇರುವುದು ಹಾಗೆ.

ಅಪೀಲಿನ ಗಡುವು ಮುಗಿಯುತ್ತಿದೆ, ಶುಲ್ಕದ ಹಣ ಹೊಂದಿಲ್ಲ ಎಂದಾದರೆ ದಿನ ದಾಟಿಸಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೇ ಕಲಮಿನಂತೆ ಕೊರತೆ ಶುಲ್ಕವನ್ನು ನಂತರ ತುಂಬಲು ನ್ಯಾಯಾಲಯ ಸಮಯ ಕೊಡಬಹುದು. ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಹಕ್ಕಲ್ಲ. ಆದರೂ ತಡವಾಗಿ ಪೂರ್ತಿ ಶುಲ್ಕದೊಂದಿಗೆ ಹೋಗುವುದಕ್ಕಿಂತ ಗಡುವಿನೊಳಗೆ ಕೊರತೆಯೊಂದಿಗೆ ಹೋಗುವುದು ಮೇಲು.

ನಕಲು ಅರ್ಜಿ: ಎಲ್ಲವೂ ನಿಂತಿರುವುದು ಇದರ ಮೇಲೆ

ತಾಲ್ಲೂಕು ನ್ಯಾಯಾಲಯದ ಡಿಕ್ರಿಯ ವಿರುದ್ಧ ಹಿರಿಯ ಸಿವಿಲ್ ನ್ಯಾಯಾಧೀಶರ ಅಥವಾ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗಾದರೆ 90 ದಿನ ಕಾಲಾವಕಾಶವಿದೆ. ಎಣಿಕೆ ಶುರುವಾಗುವುದು ತೀರ್ಪು ಓದಿದ ಮರುದಿನದಿಂದ. ನಕಲು ಕೈಗೆ ಬಂದ ದಿನದಿಂದ ಅಲ್ಲ. ನಮ್ಮ ಕಡೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಮೇಲ್ಮನವಿಯ ಜೊತೆ ತೀರ್ಪಿನ ದೃಢೀಕೃತ ನಕಲು ಬೇಕು; ಡಿಕ್ರಿಯ ನಕಲನ್ನೂ ಒಟ್ಟಿಗೇ ಪಡೆಯುತ್ತಾರೆ. ನಕಲು ತಯಾರಾಗಲು ತಗಲುವ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಡಬೇಕು ಎಂದು 1963ರ ಕಾಲಮಿತಿ ಅಧಿನಿಯಮದ 12ನೇ ಕಲಮು ಹೇಳುತ್ತದೆ. ಆದರೆ ಬಿಡುವುದು 'ಅಗತ್ಯವಾಗಿ ತಗಲಿದ' ಸಮಯವನ್ನು ಮಾತ್ರ. ಅರ್ಜಿ ಹಾಕುವ ಮೊದಲು ಕಳೆದ ದಿನಗಳು ನಮ್ಮ ಲೆಕ್ಕಕ್ಕೆ. ಶುಲ್ಕ ಕಟ್ಟಿ ಎಂದು ಸೂಚನೆ ಬಂದ ಮೇಲೆ ಕಟ್ಟದೆ ಬಿಟ್ಟ ದಿನಗಳೂ ನಮ್ಮ ಲೆಕ್ಕಕ್ಕೆ. ನಕಲು ಸಿದ್ಧವಾಗಿ ಕಚೇರಿಯಲ್ಲಿ ಕುಳಿತಿರುವಾಗ ತರಲು ಹೋಗದ ದಿನಗಳಂತೂ ನಮ್ಮವೇ.

ಇದನ್ನು ಯಾರೂ ಮರೆಮಾಚಲಾಗದು, ಏಕೆಂದರೆ ನಕಲಿನ ಮೇಲೆಯೇ ಮೊಹರು ಹಾಕಿ ಅರ್ಜಿಯ ದಿನಾಂಕ, ಶುಲ್ಕ ಕೇಳಿದ ದಿನಾಂಕ, ಶುಲ್ಕ ಕಟ್ಟಿದ ದಿನಾಂಕ, ಸಿದ್ಧವಾದ ದಿನಾಂಕ, ಪಡೆದುಕೊಂಡ ದಿನಾಂಕ ಎಲ್ಲವನ್ನೂ ಬರೆದಿರುತ್ತಾರೆ. ಮೇಲಿನ ನ್ಯಾಯಾಲಯದ ಕಚೇರಿ ಮೊದಲು ನೋಡುವುದೇ ಆ ಮೊಹರನ್ನು.

ಒಂದು ಉದಾಹರಣೆ ನೋಡೋಣ. ನರಸಿಂಹರಾಜಪುರದಲ್ಲಿ ಜೂನ್ 3ರಂದು ತೀರ್ಪಾಯಿತು ಎಂದುಕೊಳ್ಳಿ. ಜೂನ್ 10ಕ್ಕೆ ನಕಲು ಅರ್ಜಿ ಹಾಕಿದರು. ಜೂನ್ 20ಕ್ಕೆ ನಕಲು ಶುಲ್ಕ ಕಟ್ಟಿ ಎಂದರು. ಮಗ ಬೆಂಗಳೂರಿನಿಂದ ಬರಲಿ ಎಂದು ಕಾದು ಜೂನ್ 27ಕ್ಕೆ ಕಟ್ಟಿದರು. ಜುಲೈ 4ಕ್ಕೆ ನಕಲು ಸಿದ್ಧ. ಮಳೆ ಜೋರು, ಸಸಿ ನೆಡುವ ಹೊತ್ತು. ತಂದದ್ದು ಜುಲೈ 18ಕ್ಕೆ. ಮೂಲ 30 ದಿನ ಮುಗಿಯುವುದು ಜುಲೈ 3ಕ್ಕೆ. ಬಿಡಬಹುದಾದ ದಿನಗಳು ಜೂನ್ 10ರಿಂದ 20ರವರೆಗೆ 11, ಜೂನ್ 27ರಿಂದ ಜುಲೈ 4ರವರೆಗೆ 8, ಒಟ್ಟು 19. ಕೊನೆಯ ದಿನ ಜುಲೈ 22. ನಕಲು ತಂದ ನಂತರ ಉಳಿದದ್ದು ನಾಲ್ಕೇ ದಿನ. 'ನಕಲು ಸಿಕ್ಕಿದ ಮೇಲೆ 30 ದಿನ ಇದೆಯಲ್ಲ' ಎಂದು ಆಗಸ್ಟ್ 17ಕ್ಕೆ ಹೋದವರು 26 ದಿನ ತಡ.

ತಡವಾದರೆ ಕಾಲಮಿತಿ ಅಧಿನಿಯಮದ 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿ ಹಾಕಬಹುದು, ಪ್ರಮಾಣಪತ್ರದೊಂದಿಗೆ. ಕಾಯಿಲೆ, ಸಾವು, ಪ್ರವಾಹದಿಂದ ದಾರಿ ಕಡಿತದಂತಹ ನಿಜವಾದ ಕಾರಣಗಳಿಗೆ ನ್ಯಾಯಾಲಯ ಕಿವಿಗೊಡುತ್ತದೆ. ಆದರೆ ಆ ಅರ್ಜಿಯ ವಿಚಾರಣೆಗೇ ತಿಂಗಳುಗಳು ಹೋಗುತ್ತವೆ. ಎದುರಿನವರು ಅದಕ್ಕೂ ಆಕ್ಷೇಪಣೆ ಹಾಕುತ್ತಾರೆ. ತೀರ್ಪಾದ ದಿನವೇ, ನ್ಯಾಯಾಲಯದ ಆವರಣ ಬಿಡುವ ಮೊದಲು, ನಕಲು ಅರ್ಜಿ ಹಾಕಿಬಿಡುವುದು ಇದಕ್ಕೆಲ್ಲ ಸುಲಭದ ಪರಿಹಾರ. ಅಪೀಲು ಹಾಕುವ ಮನಸ್ಸು ಇದೆಯೋ ಇಲ್ಲವೋ ಎಂದು ಆಮೇಲೆ ಯೋಚಿಸಬಹುದು.

ಇನ್ನೊಂದು ಸೂಕ್ಷ್ಮವಿದೆ. 12ನೇ ಕಲಮಿನ ರಿಯಾಯಿತಿ ತೀರ್ಪು ಮತ್ತು ಡಿಕ್ರಿಯ ನಕಲಿಗೆ ಮಾತ್ರ. ಸಾಕ್ಷಿಗಳ ಹೇಳಿಕೆ, ನಿಶಾನೆ ಮಾಡಿದ ಪತ್ರಗಳು, ಆಯೋಗದ ವರದಿ ಇವುಗಳ ನಕಲಿಗೆ ಕಾದ ದಿನಗಳನ್ನು ಯಾರೂ ಬಿಡುವುದಿಲ್ಲ. ಎಲ್ಲಕ್ಕೂ ಒಂದೇ ಅರ್ಜಿ ಹಾಕಿ, ಕಡತ ದಪ್ಪಗಿದ್ದು ನಕಲು ತಡವಾಗಿ, ಕೊನೆಗೆ ಗಡುವು ದಾಟಿದರೆ ಹೇಳಿಕೊಳ್ಳಲು ಬಾಯಿಲ್ಲ. ಆದ್ದರಿಂದ ತೀರ್ಪು ಮತ್ತು ಡಿಕ್ರಿಗೆ ಒಂದು ಅರ್ಜಿ, ಉಳಿದವಕ್ಕೆ ಬೇರೆ ಅರ್ಜಿ.

ಉಳಿದವು ಬೇಕೇ ಎಂಬುದನ್ನೂ ಕೇಳಿಕೊಳ್ಳಿ. ಕೆಳ ನ್ಯಾಯಾಲಯದ ಮೂಲ ಕಡತವನ್ನು ಮೇಲ್ಮನವಿ ನ್ಯಾಯಾಲಯವೇ ತರಿಸಿಕೊಳ್ಳುತ್ತದೆ. ನಕಲು ಶುಲ್ಕ ಪುಟದ ಲೆಕ್ಕದಲ್ಲಿ ಬರುವುದರಿಂದ ನಲವತ್ತು ವರ್ಷದ ಪಹಣಿಗಳಿಗೆಲ್ಲ ದೃಢೀಕೃತ ನಕಲು ಕೇಳಿದರೆ ಹಣವೂ ಹೋಗುತ್ತದೆ, ಸಮಯವೂ ಹೋಗುತ್ತದೆ. ವಕೀಲರು ವಾದ ತಯಾರಿಸಲು ನಿಮ್ಮ ಬಳಿ ಇರುವ ಜೆರಾಕ್ಸ್ ಪ್ರತಿಗಳು ಸಾಕು. ತೀರ್ಪಿನ ಪಠ್ಯ ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣದ 16 ಅಂಕಿ–ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಉಚಿತವಾಗಿ ಸಿಗುತ್ತದೆ. ಅದು ದೃಢೀಕೃತವಲ್ಲ, ಸಲ್ಲಿಸಲು ಬಾರದು. ಆದರೆ ನಕಲು ಬರುವಷ್ಟರಲ್ಲಿ ಮೇಲ್ಮನವಿಯ ಕರಡು ಬರೆದಿಡಲು ಧಾರಾಳ ಸಾಕು.

ಪಾಲಿನ ದಾವೆಯವರಿಗೆ ಒಂದು ಎಚ್ಚರಿಕೆ

ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಅಂಶ ಎಂದು ಅದು ಹೇಳುತ್ತದೆ. ಆಮೇಲೆ ಎಫ್‌ಡಿಪಿ ಎಂದು ಕರೆಯುವ ಅಂತಿಮ ಡಿಕ್ರಿಯ ನಡವಳಿಯಲ್ಲಿ ಅಳತೆಯಾಗಿ ತೋಟ ಹಂಚಿಕೆಯಾಗುತ್ತದೆ. 'ಮೊದಲ ತೀರ್ಪು ಕಾಗದದ ಮೇಲಷ್ಟೇ, ಅಳೆಯಲು ಬಂದಾಗ ನೋಡಿಕೊಳ್ಳೋಣ' ಎಂದು ಸುಮ್ಮನಿರುವ ಮನೆಗಳಿವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೇ ಕಲಮು ಈ ದಾರಿಯನ್ನು ಮುಚ್ಚಿದೆ: ಪ್ರಾಥಮಿಕ ಡಿಕ್ರಿಯ ಮೇಲೆ ಅಪೀಲು ಹಾಕದವರು ಅಂತಿಮ ಡಿಕ್ರಿಯ ಅಪೀಲಿನಲ್ಲಿ ಅದರ ಸರಿತಪ್ಪನ್ನು ಎತ್ತುವಂತಿಲ್ಲ. ಆರನೇ ಒಂದು ಅಂಶವೋ ನಾಲ್ಕನೇ ಒಂದೋ ಎಂಬ ತಕರಾರು ಮೊದಲ 30 ದಿನದಲ್ಲೇ ಎತ್ತಬೇಕಾದದ್ದು.

ಅಪೀಲು ಹಾಕಿದ ಮಾತ್ರಕ್ಕೆ ಕೆಳ ನ್ಯಾಯಾಲಯದ ಡಿಕ್ರಿ ನಿಲ್ಲುವುದೂ ಇಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಬೇಕು. ಹಣದ ಡಿಕ್ರಿಯಾದರೆ ತಕರಾರಿನ ಮೊತ್ತವನ್ನು ಠೇವಣಿ ಇಡಲು ಅಥವಾ ಜಾಮೀನು ಕೊಡಲು ನ್ಯಾಯಾಲಯ ಹೇಳುತ್ತದೆ. ಶುಲ್ಕಕ್ಕಿಂತ ಈ ಠೇವಣಿಯೇ ದೊಡ್ಡ ಮೊತ್ತವಾಗುವುದುಂಟು. ಖರ್ಚಿನ ಅಂದಾಜಿನಲ್ಲಿ ಸೇರಿಸಿಕೊಳ್ಳಿ. ಚೆಕ್ ಪ್ರಕರಣದಲ್ಲಿ ಶಿಕ್ಷೆಯಾದವರು ಸೆಷನ್ಸ್ ನ್ಯಾಯಾಲಯಕ್ಕೆ ಹೋದಾಗಲೂ 2018ರ ತಿದ್ದುಪಡಿಯಂತೆ ದಂಡ ಅಥವಾ ಪರಿಹಾರದ ಕನಿಷ್ಠ ಶೇ. 20ರಷ್ಟು ಠೇವಣಿಗೆ ಆದೇಶವಾಗಬಹುದು. ಕಾರಾಗೃಹ ಶಿಕ್ಷೆಯಾದ ಆರೋಪಿಗೆ ತೀರ್ಪಿನ ಒಂದು ನಕಲನ್ನು ಉಚಿತವಾಗಿ ಕೂಡಲೇ ಕೊಡಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಮಿನಲ್ಲಿದೆ.

ಎದುರುದಾರರ ಸಂಖ್ಯೆಯೂ ಖರ್ಚಿಗೆ ಸಂಬಂಧಿಸಿದ್ದೇ. ದೊಡ್ಡ ಮನೆಯ ಪಾಲಿನಲ್ಲಿ ಹದಿನೈದು ಮಂದಿ ಇದ್ದರೆ ಹದಿನೈದು ನೋಟಿಸು, ಅಷ್ಟಕ್ಕೂ ಪ್ರೋಸೆಸ್ ಶುಲ್ಕ, ಅಷ್ಟು ಸೆಟ್ ಪ್ರತಿ. ಬೆಂಗಳೂರು, ಮುಂಬೈ ಎಂದು ಚದುರಿರುವವರ ಸರಿಯಾದ ವಿಳಾಸ ಮೊದಲೇ ಬರೆದಿಟ್ಟುಕೊಂಡರೆ ನೋಟಿಸು ತಿರುಗಿ ಬರುವುದು ತಪ್ಪುತ್ತದೆ. ಅವರಲ್ಲಿ ಯಾರಾದರೂ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ಸೇರಿಸಬೇಕು.

ಹೈಕೋರ್ಟಿಗೆ ಹೋದರೆ

ಹೈಕೋರ್ಟಿಗೆ ಹೋಗುವ ಪ್ರಕರಣದಲ್ಲಿ ದಾಖಲೆ ಸಿದ್ಧತೆಯೇ ಒಂದು ಕೆಲಸ. ದಾವಾಪತ್ರ, ಪ್ರತಿವಾದಪತ್ರ, ಸಾಕ್ಷಿ ಹೇಳಿಕೆ, ನಿಶಾನೆಗಳು, ತೀರ್ಪುಗಳನ್ನು ಪುಟಸಂಖ್ಯೆ ಹಾಕಿ, ಪರಿವಿಡಿಯೊಂದಿಗೆ ಹೊಲಿದ ಕಟ್ಟನ್ನು ಪೇಪರ್ ಬುಕ್ ಎನ್ನುತ್ತಾರೆ. ನಮ್ಮ ತಾಲ್ಲೂಕುಗಳ ಸಾಕ್ಷ್ಯ ಕನ್ನಡದಲ್ಲಿರುತ್ತದೆ, ಹೈಕೋರ್ಟಿನ ನಡವಳಿ ಇಂಗ್ಲಿಷಿನಲ್ಲಿ. ಅಜ್ಜನ ಕಾಲದ ಪಾಲುಪಟ್ಟಿ, ಗೇಣಿ ಚೀಟಿ, ಕೈಬರಹದ ಕ್ರಯಪತ್ರಗಳನ್ನು ಓದುವಂತೆ ಟೈಪ್ ಮಾಡಿಸಿ, ಬೇಕಾದಲ್ಲಿ ಅನುವಾದ ಮಾಡಿಸಬೇಕು. ಹಳೆಯ ಬರಹ ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೇ ಕೂರಿಸಿ ಮೊದಲ ಪ್ರತಿ ಬರೆಯಿಸಿ. ಪುಟ್ಟಿ, ಕೊಳಗ, ಖಂಡುಗದಂತಹ ಅಳತೆಗಳನ್ನೂ ಊರಿನ ಗಡಿ ಗುರುತುಗಳನ್ನೂ ಬೆಂಗಳೂರಿನ ಟೈಪಿಸ್ಟರು ತಪ್ಪು ಓದಿದರೆ ವಾದವೇ ಕೆಡುತ್ತದೆ.

ಎರಡನೇ ಮೇಲ್ಮನವಿಗೆ ಮಾತ್ರ ಯೋಚಿಸಿ ಹೆಜ್ಜೆ ಇಡಿ. ಸಂಹಿತೆಯ 100ನೇ ಕಲಮಿನಂತೆ ಮಹತ್ವದ ಕಾನೂನಿನ ಪ್ರಶ್ನೆ ಇದ್ದರಷ್ಟೇ ಅದಕ್ಕೆ ಜಾಗ. ಸಾಕ್ಷಿ ಹೇಳಿದ್ದು ಸುಳ್ಳು ಎಂಬ ವಾದಕ್ಕೆ ಅಲ್ಲಿ ಬೆಲೆ ಕಡಿಮೆ.

ಹಣವಿಲ್ಲದವರಿಗೆ ಇರುವ ದಾರಿ

ಜೈನರಿಗೆ 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿರುವುದರಿಂದ ಕೋರ್ಟ್ ಶುಲ್ಕದಲ್ಲಿ ವಿನಾಯಿತಿ ಇದೆಯೇ ಎಂದು ಕೇಳುವವರಿದ್ದಾರೆ. ಆ ಕಾರಣಕ್ಕೆ ಇಲ್ಲ. ಆದರೆ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು, ಪ್ರಕೃತಿ ವಿಕೋಪಕ್ಕೆ ಸಿಕ್ಕವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ತವರಿನ ತೋಟದಲ್ಲಿ ಪಾಲು ಕೇಳುವ ಹೆಣ್ಣುಮಗಳು, ಗಂಡನ ಮನೆಯಲ್ಲಿ ಅನುಕೂಲವಿದ್ದರೂ, ಅರ್ಜಿ ಹಾಕಬಹುದು. ನೆರವು ಎಂದರೆ ವಕೀಲರು ಮಾತ್ರವಲ್ಲ. ಕೋರ್ಟ್ ಶುಲ್ಕ, ಪ್ರೋಸೆಸ್ ಶುಲ್ಕ, ದೃಢೀಕೃತ ನಕಲು ಪಡೆಯುವುದು, ಮೇಲ್ಮನವಿ ತಯಾರಿ, ಪೇಪರ್ ಬುಕ್ಕಿನ ಮುದ್ರಣ ಮತ್ತು ಅನುವಾದ ಎಲ್ಲವೂ ಇದರಲ್ಲಿ ಸೇರುತ್ತವೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಹೈಕೋರ್ಟಿನ ಪ್ರಕರಣಕ್ಕೆ ಹೈಕೋರ್ಟ್ ಕಾನೂನು ಸೇವಾ ಸಮಿತಿ ಇದೆ. ನೆರವಿನ ಅರ್ಜಿ ಹಾಕಿದ್ದೇವೆಂದು ಅಪೀಲಿನ ಗಡುವು ನಿಲ್ಲುವುದಿಲ್ಲ, ಹಾಗಾಗಿ ನಕಲು ಅರ್ಜಿಯನ್ನು ಜೊತೆಜೊತೆಗೇ ಹಾಕಿ.

ಕಟ್ಟಿದ ಶುಲ್ಕ ಕೆಲವೊಮ್ಮೆ ವಾಪಸ್ಸೂ ಬರುತ್ತದೆ. ಅಪೀಲಿನ ಹಂತದಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮರುಪಾವತಿಗೆ ಅವಕಾಶವಿದೆ. ಮರುವಿಚಾರಣೆಗೆಂದು ಪ್ರಕರಣ ಕೆಳ ನ್ಯಾಯಾಲಯಕ್ಕೆ ಹಿಂತಿರುಗಿದಾಗಲೂ ಮರುಪಾವತಿ ಕೇಳಬಹುದು. ಆದೇಶದಲ್ಲಿ ಆ ಮಾತು ಬಂದಿದೆಯೇ ಎಂದು ಅಂದೇ ನೋಡಿಸಿ. ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಮೂಲಪತ್ರಗಳ ವಿಷಯವನ್ನು ಬಹಳ ಮನೆಗಳು ಮರೆಯುತ್ತವೆ. ದಾವೆಯಲ್ಲಿ ಹಾಜರುಪಡಿಸಿದ ಹಳೆಯ ಕ್ರಯಪತ್ರ, ಪಾಲುಪಟ್ಟಿ, ಬಸದಿಗೆ ಬಿಟ್ಟ ಭೂಮಿಯ ದಾನಪತ್ರಗಳು ನ್ಯಾಯಾಲಯದ ಕಡತದಲ್ಲೇ ಉಳಿದಿರುತ್ತವೆ. ಅಪೀಲಿನ ಗಡುವು ಮುಗಿದ ಮೇಲೆ, ಅಪೀಲು ಹಾಕಿದ್ದರೆ ಅದು ಇತ್ಯರ್ಥವಾದ ಮೇಲೆ, ಹಾಜರುಪಡಿಸಿದವರು ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ತುರ್ತಾಗಿ ಬೇಕಿದ್ದರೆ ದೃಢೀಕೃತ ನಕಲನ್ನು ಕಡತಕ್ಕೆ ಕೊಟ್ಟು, ಕೇಳಿದಾಗ ಮೂಲವನ್ನು ಹಾಜರುಪಡಿಸುವುದಾಗಿ ಒಪ್ಪಿ, ಮೊದಲೂ ಪಡೆಯಲು ಅವಕಾಶವಿದೆ. ಹಳೆಯ ಕಡತಗಳನ್ನು ನಿಯಮದಂತೆ ಕಾಲಕಾಲಕ್ಕೆ ನಾಶಪಡಿಸುತ್ತಾರೆ. ತಂದೆಯವರ ಕಾಲದಲ್ಲಿ ಮುಗಿದ ದಾವೆಯೊಂದಿದ್ದು ಪತ್ರ ಮನೆಯಲ್ಲಿ ಕಾಣದಿದ್ದರೆ, ದಾವೆಯ ಸಂಖ್ಯೆ ಮತ್ತು ವರ್ಷ ಬರೆದುಕೊಂಡು ಆಯಾ ನ್ಯಾಯಾಲಯದ ಶಿರಸ್ತೇದಾರರನ್ನು ಒಮ್ಮೆ ಕಂಡು ವಿಚಾರಿಸಿ ಬನ್ನಿ.